ಪೊಟ್ಟಣದೊಳಗಿನ ಹೆಸರಿಲ್ಲದ ಮಾತ್ರೆ

‘ವೈದ್ಯರ ಸಲಹೆಯಿಲ್ಲದೆ ಯಾವುದೇ ಔಷಧಿಯನ್ನು ಸೇವಿಸಬೇಡಿ.’ ಈ ವಾಕ್ಯವನ್ನು ನೀವು ಶಾಲೆಯ ಗೋಡೆಯ ಮೇಲೆ, ಆಸ್ಪತ್ರೆಯ ಭಿತ್ತಿಪತ್ರದಲ್ಲಿ, ಬಸ್ಸಿನ ಹಿಂಬದಿಯಲ್ಲಿ ಓದಿರುತ್ತೀರಿ. ಅಧ್ಯಾಪಕರಾಗಿದ್ದರೆ ಮಕ್ಕಳಿಂದ ಬರೆಯಿಸಿಯೂ ಇರುತ್ತೀರಿ. ಈಗ ನಿಮ್ಮ ಸ್ಟಾಫ್ ರೂಮಿನ ಮೇಜಿನ ಖಾನೆಯನ್ನೊಮ್ಮೆ ಎಳೆದು ನೋಡಿ. ಸೀಮೆಸುಣ್ಣದ ತುಂಡುಗಳ ನಡುವೆ ಅರ್ಧ ಸ್ಟ್ರಿಪ್ ಡೋಲೋ 650, ಎರಡು ಗ್ಯಾಸ್ ಮಾತ್ರೆ, ಅಂಚು ಸುರುಳಿಯಾದ ಒಂದು ನೋವಿನ ಮುಲಾಮಿನ ಟ್ಯೂಬು ಇದ್ದೇ ಇರುತ್ತವೆ. ಅವನ್ನು ಬರೆದುಕೊಟ್ಟ ವೈದ್ಯರು ಯಾರು? ನನ್ನ ಖಾನೆಯಲ್ಲೂ ಇವೆಲ್ಲ ಇವೆ. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನಿಗೆ ಪ್ಯಾರಸಿಟಮಾಲ್ ಬರೆದುಕೊಳ್ಳುವ ಅಧಿಕಾರವೇನೂ ಇಲ್ಲ.

ಹೇಳುವವರೂ ಪಾಲಿಸದ ಇಂತಹ ಒಂದು ವಾಕ್ಯವನ್ನು ವಿಜ್ಞಾನದ ಪಾಠವೆಂದು ಕಲಿಸುವುದು ಸರಿಯೇ? ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಸುಳ್ಳು ಎಂಬ ಕಾರಣಕ್ಕಲ್ಲ. ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಅದು ಮುಚ್ಚಿಬಿಡುತ್ತದೆ ಎಂಬ ಕಾರಣಕ್ಕೆ. ಆ ಪ್ರಶ್ನೆ ಯಾವುದೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳಿಂದ: ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ.

ಈ ಸೀಮೆಯನ್ನು ನೋಡದವರಿಗಾಗಿ ಒಂದೆರಡು ಮಾತು. ಮಧುಗಿರಿಯ ಏಕಶಿಲಾ ಬೆಟ್ಟ ನಿಮಗೆ ಗೊತ್ತಿರುತ್ತದೆ. ಸಿರಾ ಹೆದ್ದಾರಿಯ ಮೇಲಿದೆ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಜನ ಇಂದಿಗೂ ಗಿಡಮೂಲಿಕೆಗೆಂದು ಹತ್ತುತ್ತಾರೆ. ಸ್ವಂತ ವೈದ್ಯ ಇಲ್ಲಿ ಹೊಸದೇನಲ್ಲ. ಪಾವಗಡವಂತೂ ಭೂಪಟದಲ್ಲಿ ಆಂಧ್ರದೊಳಕ್ಕೆ ಚಾಚಿಕೊಂಡ ತುಂಡು. ಜಿಲ್ಲಾ ಕೇಂದ್ರ ನೂರು ಕಿಲೊಮೀಟರಿನಷ್ಟು ದೂರ. ಅಲ್ಲಿನ ಒಬ್ಬ ಕಡಲೆಕಾಯಿ ಬೆಳೆಗಾರನಿಗೆ ಮಂಡಿ ನೋವೆಂದುಕೊಳ್ಳಿ. ಮೂಳೆ ತಜ್ಞರನ್ನು ಕಾಣಬೇಕಾದರೆ ಒಂದು ದಿನದ ಕೂಲಿ, ಎರಡು ಬಸ್ಸು, ಜೊತೆಗೆ ಬರುವ ಮಗನ ಒಂದು ದಿನದ ಕೂಲಿ, ಆಮೇಲೆ ಶುಲ್ಕ. ಬಸ್‌ಸ್ಟ್ಯಾಂಡಿನ ಪಕ್ಕದ ಮೆಡಿಕಲ್ ಸ್ಟೋರಿನಲ್ಲಾದರೆ ಹತ್ತು-ಇಪ್ಪತ್ತು ರೂಪಾಯಿಗೆ ಎರಡು ಹೊತ್ತಿನ ಮಾತ್ರೆ. ಆತ ಅಂಗಡಿಗೆ ಹೋಗುವುದು ಅಜ್ಞಾನದಿಂದಲ್ಲ, ಲೆಕ್ಕದಿಂದ. ಆ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ.

ತಪ್ಪಿರುವುದು ಅಂಗಡಿಯಿಂದ ಆತನ ಕೈಗೆ ಬರುವ ವಸ್ತುವಿನಲ್ಲಿ.

ನನ್ನ ಚಿಕ್ಕಮ್ಮ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಹಲವು ವರ್ಷಗಳಿಂದ ಸೊಂಟ, ಕುತ್ತಿಗೆ, ಮಂಡಿ ಬಿಗಿತ. ಬೆಳಿಗ್ಗೆ ಎದ್ದರೆ ಕೆಳಗೆ ಬಿದ್ದ ಸೌಟನ್ನು ಬಗ್ಗಿ ಎತ್ತಿಕೊಳ್ಳಲಾಗದು. ವಾರಕ್ಕೊಮ್ಮೆ ಸಂತೆಗೆ ಹೋದಾಗ ಅಂಗಡಿಯಿಂದ ‘ಕೈಕಾಲು ನೋವಿಂದು’ ತರುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಅಂಗಡಿಯ ಹುಡುಗ ಚಿಕ್ಕಮ್ಮನನ್ನು ನೋಡಿದೊಡನೆ, ‘ಏನಜ್ಜಿ, ಅದೇ ತಾನೆ?’ ಎಂದ. ‘ಅದೇ ಕಣಪ್ಪ, ಸ್ವಲ್ಪ ಪವರ್ ಇರೋದು ಕೊಡು, ಹೋದ ಸಲದ್ದು ಕೇಳಲಿಲ್ಲ’ ಎಂದರು ಇವರು. ಹುಡುಗ ನಾಲ್ಕು ಡಬ್ಬಗಳಿಂದ ನಾಲ್ಕು ಸ್ಟ್ರಿಪ್ ತೆಗೆದು, ಕತ್ತರಿಯಿಂದ ಕಚಕಚನೆ ಕತ್ತರಿಸಿ, ಕೆಲವನ್ನು ಬಿಡಿಸಿ, ಸಣ್ಣ ಸಣ್ಣ ಕಾಗದದ ಪೊಟ್ಟಣ ಕಟ್ಟಿದ. ಪ್ರತಿ ಪೊಟ್ಟಣದಲ್ಲೂ ಒಂದು ಬಿಳಿ, ಒಂದು ಹಳದಿ, ಒಂದು ಚಿಕ್ಕ ಗುಂಡು, ಒಂದು ಎರಡು ಬಣ್ಣದ ಕ್ಯಾಪ್ಸೂಲು. ಬಿಲ್ಲು ಕೇಳಿದೆ. ನಾನು ಮಾತ್ರೆಗಿಂತ ಅಪಾಯಕಾರಿಯಾದ ಏನನ್ನೋ ಕೇಳಿದಂತೆ ಆತ ನೋಡಿದ.

ಆ ಪೊಟ್ಟಣವನ್ನು ಬಿಚ್ಚಿ ಅಂಗೈಮೇಲೆ ಇಟ್ಟುಕೊಂಡು ನಾನು ಏನನ್ನು ಹೇಳಬಲ್ಲೆ? ದ್ರವ್ಯರಾಶಿ ಅಳೆಯಬಲ್ಲೆ, ವ್ಯಾಸ ಅಳೆಯಬಲ್ಲೆ, ಬಣ್ಣ ಹೇಳಬಲ್ಲೆ. ಒಳಗಿರುವುದೇನೆಂದು ಹೇಳಲಾರೆ. ಹೆಸರಿಲ್ಲ, ಪ್ರಮಾಣವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಅವಧಿ ಮುಗಿಯುವ ದಿನಾಂಕವಿಲ್ಲ. ಕಳೆದ ವರ್ಷ ಚಿಕ್ಕಮ್ಮನ ಕಾಲು ಬಾವು ಬಂದು ತುಮಕೂರಿಗೆ ಕರೆತಂದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಇಷ್ಟು ವರ್ಷ ಏನು ತೆಗೆದುಕೊಳ್ಳುತ್ತಿದ್ದರು?’ ಎಂಬುದು. ಕ್ರಿಯಾಟಿನಿನ್ ಪರೀಕ್ಷೆಯ ಅಂಕೆ ಇರಬೇಕಾದುದಕ್ಕಿಂತ ಮೇಲಿತ್ತು. ನಾವು ಮೂವರು ಪದವೀಧರರು ಎದುರು ನಿಂತಿದ್ದೆವು. ಉತ್ತರ ಯಾರಲ್ಲೂ ಇರಲಿಲ್ಲ. ‘ಒಂದು ಬಿಳಿ, ಒಂದು ಹಳದಿ’ ಎಂದೆ.

ಅರ್ಧಾಯುವಿನ ಲೆಕ್ಕ

ಹೆಸರು ಗೊತ್ತಿಲ್ಲದಿದ್ದರೆ ಏನಾಯಿತು, ನೋವು ಹೋದರೆ ಸಾಲದೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಪಿ.ಯು.ಸಿ.ಯ ಭೌತಶಾಸ್ತ್ರದಲ್ಲೇ ಇದೆ.

ವಿಕಿರಣಪಟು ಧಾತುಗಳ ಅರ್ಧಾಯುವನ್ನು ನೀವು ಕಲಿಸಿದ್ದೀರಿ ಅಥವಾ ಕಲಿತಿದ್ದೀರಿ. ಮೈಯೊಳಗಿನ ಬಹುಪಾಲು ಔಷಧಿಗಳೂ ಸರಿಸುಮಾರು ಅದೇ ನಿಯಮದಂತೆ ಕರಗುತ್ತವೆ. ಯಕೃತ್ತು ಮತ್ತು ಮೂತ್ರಪಿಂಡಗಳು ಒಂದು ಗಂಟೆಯಲ್ಲಿ ಹೊರಹಾಕುವ ಔಷಧಿ ಆ ಹೊತ್ತಿಗೆ ರಕ್ತದಲ್ಲಿರುವ ಔಷಧಿಯ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ. ಧಾರಕವೊಂದು ರೋಧಕದ ಮೂಲಕ ವಿಸರ್ಜನೆಗೊಳ್ಳುವುದನ್ನು ನೆನಪಿಸಿಕೊಳ್ಳಿ, ಗಣಿತ ಅದೇ. ಪ್ಯಾರಸಿಟಮಾಲ್‌ನ ಅರ್ಧಾಯು 2ರಿಂದ 3 ಗಂಟೆ. ಡೈಕ್ಲೊಫೆನಾಕ್‌ನದು 1ರಿಂದ 2 ಗಂಟೆ. ಐಬುಪ್ರೊಫೆನ್‌ನದು ಸುಮಾರು 2 ಗಂಟೆ. ನ್ಯಾಪ್ರಾಕ್ಸೆನ್‌ನದು 12ರಿಂದ 17 ಗಂಟೆ. ಪಿರಾಕ್ಸಿಕಾಮ್‌ನದು ಸುಮಾರು 50 ಗಂಟೆ. ಇವೆಲ್ಲವನ್ನೂ ಅಂಗಡಿಯಲ್ಲಿ ಕರೆಯುವುದು ಒಂದೇ ಹೆಸರಿನಿಂದ, ‘ನೋವಿನ ಮಾತ್ರೆ’.

ಈಗ ಲೆಕ್ಕ ಹಾಕೋಣ. ಡೈಕ್ಲೊಫೆನಾಕ್ ಮಾತ್ರೆಯನ್ನು ಬೆಳಿಗ್ಗೆ ನುಂಗಿ 12 ಗಂಟೆಗಳ ನಂತರ ಇನ್ನೊಂದನ್ನು ನುಂಗಿದಿರಿ ಎನ್ನಿ. ಅರ್ಧಾಯು 2 ಗಂಟೆಯೆಂದೇ ಹಿಡಿದರೂ ಆರು ಅರ್ಧಾಯುಗಳು ಕಳೆದಿರುತ್ತವೆ. ಉಳಿದಿರುವುದು ಮೊದಲಿನದರ 64ನೇ ಒಂದು ಭಾಗ. ಸಂಜೆಯ ಮಾತ್ರೆ ಬಹುತೇಕ ಖಾಲಿ ಮೈಗೆ ಬೀಳುತ್ತದೆ. ಪಿರಾಕ್ಸಿಕಾಮನ್ನು ಹಾಗೆಯೇ 12 ಗಂಟೆಗೊಂದರಂತೆ ನುಂಗಿದರೆ? ಪ್ರತಿ ಸಲವೂ ಹಿಂದಿನದರ ಶೇಕಡ 85ರಷ್ಟು ಉಳಿದಿರುವಾಗಲೇ ಹೊಸದು ಸೇರುತ್ತದೆ. ಒಂದು, ಅದರ ಜೊತೆ 0.85, ಅದರ ಜೊತೆ 0.85ರ ವರ್ಗ, ಹೀಗೆ ಗುಣೋತ್ತರ ಶ್ರೇಣಿ. ಅದರ ಮೊತ್ತ 1ನ್ನು (1 – r)ನಿಂದ ಭಾಗಿಸಿದಷ್ಟು. ಕೆಲವು ದಿನಗಳಲ್ಲಿ ಮೈಯಲ್ಲಿರುವ ಔಷಧಿ ಒಂದು ಮಾತ್ರೆಯ ಆರೂವರೆ ಪಟ್ಟಿಗೆ ಬಂದು ನಿಲ್ಲುತ್ತದೆ. ದಿನಕ್ಕೆ ಒಂದೇ ಮಾತ್ರೆಯಾದರೆ ಮೂರೂವರೆ ಪಟ್ಟು. ಆದ್ದರಿಂದಲೇ ವೈದ್ಯರು ಅದನ್ನು ದಿನಕ್ಕೊಂದರಂತೆ ಮಾತ್ರ ಬರೆಯುತ್ತಾರೆ. ‘ಎರಡೊತ್ತಿಗೆ ಕೊಡಪ್ಪ’ ಎಂಬ ಒಂದೇ ಮಾತಿನಲ್ಲಿ ಒಂದು ಮಾತ್ರೆ ಬಂದಂತೆ ಹೋಗುತ್ತದೆ, ಇನ್ನೊಂದು ಗುಡ್ಡೆಯಾಗುತ್ತದೆ. ಪೊಟ್ಟಣದಲ್ಲಿ ಯಾವುದಿದೆಯೆಂದು ತಿಳಿಯದೆ ಈ ಲೆಕ್ಕವನ್ನು ಯಾರೂ ಮಾಡಲಾರರು, ವೈದ್ಯರೂ ಕೂಡ.

ಭೌತಶಾಸ್ತ್ರದವರು ತಮ್ಮ ಮಾದರಿಯ ಮೇಲೆ ಹೆಚ್ಚು ಮೋಹ ಇಟ್ಟುಕೊಳ್ಳಬಾರದು. ಆಸ್ಪಿರಿನ್‌ನ ಅರ್ಧಾಯು 15–20 ನಿಮಿಷ ಮಾತ್ರ. ಆದರೆ ಅದು ರಕ್ತದ ಕಿರುಬಿಲ್ಲೆಗಳ ಒಂದು ಕಿಣ್ವವನ್ನು ಕಾಯಂ ಆಗಿ ಕೆಡಿಸಿ ಹೋಗುತ್ತದೆ. ಆ ಬಿಲ್ಲೆಗಳು ಸತ್ತು ಹೊಸವು ಹುಟ್ಟುವ 7ರಿಂದ 10 ದಿನಗಳವರೆಗೆ ಅದರ ಪರಿಣಾಮ ಉಳಿಯುತ್ತದೆ. ಔಷಧಿ ಹೋದಮೇಲೂ ಅದು ಮಾಡಿದ್ದು ಇರುತ್ತದೆ.

ಕೂಡುವ ಲೆಕ್ಕ ಇನ್ನೂ ಸುಲಭ, ಆದರೂ ಅದರಲ್ಲೇ ಹೆಚ್ಚು ಜನ ಎಡವುವುದು. ನಮ್ಮ ಮಾರುಕಟ್ಟೆಯ ಎಷ್ಟೋ ನೋವಿನ ಮಾತ್ರೆಗಳು ಸಂಯೋಜಿತ ಮಾತ್ರೆಗಳು. ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಜೊತೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುವುದು ಸಾಮಾನ್ಯ. ಮೈಕೈ ನೋವಿಗೆಂದು ಇದನ್ನು ದಿನಕ್ಕೆ ಮೂರು, ಜ್ವರ ಬಂದಿದೆಯೆಂದು 650ರ ಮಾತ್ರೆಯನ್ನು ನಾಲ್ಕು ನುಂಗಿದವರ ಹೊಟ್ಟೆಗೆ 975 ಮತ್ತು 2,600 ಸೇರಿ 3,575 ಮಿಲಿಗ್ರಾಂ ಪ್ಯಾರಸಿಟಮಾಲ್ ಹೋಗುತ್ತದೆ. ವಯಸ್ಕರ ದಿನದ ಮಿತಿ 4,000. ನೆಗಡಿಯ ಮಾತ್ರೆಯೊಂದು ಸೇರಿದರೆ ಗಡಿ ದಾಟಿದಂತೆಯೆ. ಮೈತೂಕ 50 ಕೆ.ಜಿ.ಗಿಂತ ಕಡಿಮೆಯಿರುವವರಿಗೆ, ದಿನವೂ ಮದ್ಯ ಸೇವಿಸುವವರಿಗೆ ಈ ಮಿತಿ ಇನ್ನೂ ಕೆಳಗಿರಬೇಕು. ಮಿತಿ ಮೀರಿದಾಗ ಯಕೃತ್ತಿನಲ್ಲಿ ಗ್ಲೂಟಾಥಯೋನ್ ಎಂಬ ರಕ್ಷಕ ವಸ್ತು ಮುಗಿದು, ಪ್ಯಾರಸಿಟಮಾಲ್‌ನಿಂದ ಹುಟ್ಟುವ ವಿಷಕಾರಿ ಉತ್ಪನ್ನ ಅಲ್ಲಿನ ಜೀವಕೋಶಗಳನ್ನೇ ಕೊಲ್ಲುತ್ತದೆ. ಪೊಟ್ಟಣ ಕಟ್ಟಿಸಿಕೊಂಡವರಿಗೆ ತಾವು ಒಂದೇ ವಸ್ತುವನ್ನು ಎರಡು ಹೆಸರಿನಲ್ಲಿ, ಅಲ್ಲ, ಯಾವ ಹೆಸರೂ ಇಲ್ಲದೆ ಎರಡು ಬಣ್ಣದಲ್ಲಿ ನುಂಗುತ್ತಿದ್ದೇವೆಂದು ಹೇಗೆ ತಿಳಿಯಬೇಕು?

ಪೊಟ್ಟಣದ ಆ ಚಿಕ್ಕ ಗುಂಡು ಮಾತ್ರೆ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು. ನೋವಿನ ಪೊಟ್ಟಣಕ್ಕೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್‌ಗಳಂತಹ ಸ್ಟೀರಾಯ್ಡ್ ಸೇರಿಸುವ ವಾಡಿಕೆಯ ಬಗ್ಗೆ ವೈದ್ಯರು ಬಹಳ ಕಾಲದಿಂದ ದೂರುತ್ತಿದ್ದಾರೆ. ಜನ ಹೇಳುವ ‘ಪವರ್’ ಬಹಳ ಸಲ ಇದೇ. ನೋವು ಮಾಯವಾಗುತ್ತದೆ, ಹಸಿವು ಹೆಚ್ಚುತ್ತದೆ, ಮುಖ ದುಂಡಗಾಗುತ್ತದೆ. ಮನೆಯವರು ಮೈ ಹಿಡಿದಿದೆಯೆಂದು ಸಂತೋಷಪಡುತ್ತಾರೆ. ಒಳಗೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ವಿಚಿತ್ರವೆಂದರೆ, ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದೂ ಅಪಾಯವೇ. ಮೈ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಕೆಯನ್ನು ಅಷ್ಟರಲ್ಲಿ ನಿಲ್ಲಿಸಿರುತ್ತದೆ. ಹೆಸರು ಗೊತ್ತಿಲ್ಲದವರು ಮುಂದುವರಿಸುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ.

ನೀರಿನಿಂದ ಬಂದ ನೋವು

ಇಷ್ಟು ಎಲ್ಲ ಊರಿನ ಕಥೆ. ಈ ನಾಲ್ಕು ತಾಲ್ಲೂಕುಗಳ ಕಥೆ ಬೇರೆಯಾಗುವುದು ನೀರಿನಿಂದ.

ಇಲ್ಲಿನ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಈ ಶಿಲೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆ, ಕೊಳವೆಬಾವಿ ಆಳ. ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ, ಅದರಲ್ಲಿ ಬೈಕಾರ್ಬನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಹೆಚ್ಚು ಫ್ಲೋರೈಡ್ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರದಿರಲಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆಯ ಅನೇಕ ಕೊಳವೆಬಾವಿಗಳು ಈ ಗಡಿಯನ್ನು ದಾಟಿವೆಯೆಂದು ಸಮೀಕ್ಷೆಗಳು ಮತ್ತೆ ಮತ್ತೆ ಹೇಳಿವೆ. ನಮ್ಮ ದೇಶದಲ್ಲಿ ಫ್ಲೋರೋಸಿಸ್ ಹೊಸ ಸುದ್ದಿಯಲ್ಲ. ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಕಡೆಯ ರೋಗಿಗಳ ವರದಿ ಪ್ರಕಟವಾದದ್ದು 1937ರಲ್ಲಿ. ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2008–09ರಲ್ಲಿ. ನಡುವಿನ ಎಪ್ಪತ್ತು ವರ್ಷಗಳ ಬಗ್ಗೆ ನಾನೇನೂ ಹೇಳುವುದಿಲ್ಲ.

ಮಕ್ಕಳಲ್ಲಿ ಇದು ಹಲ್ಲಿನ ಕಂದು ಗೆರೆಗಳಾಗಿ ಕಾಣುತ್ತದೆ. ದೊಡ್ಡವರಲ್ಲಿ ಕುತ್ತಿಗೆ ತಿರುಗದು, ಸೊಂಟ ಬಗ್ಗದು, ಮಂಡಿ ನೋವು. ನನ್ನ ಚಿಕ್ಕಮ್ಮನ ವರ್ಣನೆಯನ್ನು ಮತ್ತೊಮ್ಮೆ ಓದಿ. ಸಾಮಾನ್ಯ ಸಂಧಿವಾತವೂ ಹೀಗೇ ಇರಬಹುದು. ಮುಂಗೈಯ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಇಲ್ಲದೆ ಯಾವುದು ಯಾವುದೆಂದು ಹೇಳಲಾಗದು. ಆದರೆ ಪೊಟ್ಟಣಕ್ಕೆ ಈ ಭೇದ ಬೇಕಿಲ್ಲ. ನೋವು ಅಡಗಿತು, ಪರೀಕ್ಷೆಯ ಮಾತು ಏಳಲಿಲ್ಲ, ಅದೇ ಕೊಳವೆಬಾವಿಯ ನೀರು ಮುಂದುವರಿಯಿತು.

ಇನ್ನೊಂದು ಕೊಂಡಿ ಇದೆ. ನನ್ನನ್ನು ಈ ಲೇಖನ ಬರೆಯುವಂತೆ ಮಾಡಿದ್ದು ಅದೇ. ನೀರಿನೊಡನೆ ಒಳಬಂದ ಫ್ಲೋರೈಡ್‌ನ ಬಹುಪಾಲು ರಕ್ತಕ್ಕೆ ಸೇರುತ್ತದೆ. ವಯಸ್ಕರಲ್ಲಿ ಅದರ ಸುಮಾರು ಅರ್ಧ ಮೂಳೆಗೆ ಹೋದರೆ, ಉಳಿದದ್ದು ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ರಕ್ತದಲ್ಲಿ ಅದರ ಅರ್ಧಾಯು ಕೆಲವೇ ಗಂಟೆ, ಮೂಳೆಯಲ್ಲಿ ವರ್ಷಗಟ್ಟಲೆ. ಎಂದರೆ ಮೂಳೆಗೆ ಬೀಳುವ ಹೊರೆಯನ್ನು ತಗ್ಗಿಸಲು ನಮಗಿರುವ ಬಾಗಿಲು ಒಂದೇ, ಮೂತ್ರಪಿಂಡ. ಅದು ದುರ್ಬಲವಾದರೆ ಫ್ಲೋರೈಡ್ ಹೆಚ್ಚು ಉಳಿಯುತ್ತದೆಂಬುದು ಚೆನ್ನಾಗಿ ತಿಳಿದ ವಿಷಯ.

ಡೈಕ್ಲೊಫೆನಾಕ್ ಗುಂಪಿನ ನೋವಿನ ಮಾತ್ರೆಗಳು ಏನು ಮಾಡುತ್ತವೆ? ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳ ತಯಾರಿಕೆಯನ್ನು ತಡೆಯುತ್ತವೆ. ನೋವು, ಬಾವು ಇಳಿಯುವುದು ಅದರಿಂದಲೇ. ಆದರೆ ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ತರುವ ಕಿರುನಾಳಗಳನ್ನು ಹಿಗ್ಗಿಸಿ ಹಿಡಿದಿರುವುದೂ ಅದೇ ಪ್ರೊಸ್ಟಗ್ಲಾಂಡಿನ್. ಏಪ್ರಿಲ್ ತಿಂಗಳ ಪಾವಗಡವನ್ನು ಊಹಿಸಿಕೊಳ್ಳಿ. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಕಟ್ಟಿದ್ದು ಅಲ್ಲಿನ ಬಿಸಿಲನ್ನು ನಂಬಿಯೇ. ಆ ಬಿಸಿಲಿನಲ್ಲಿ ದಿನವಿಡೀ ಬೆವರಿ, ಸಂಜೆ ಮೈಕೈ ನೋವೆಂದು ಮಾತ್ರೆ ನುಂಗುವವರ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು. ಬಿ.ಪಿ.ಗೆಂದು ಕೊಡುವ ಕೆಲವು ಮಾತ್ರೆಗಳು ಜೊತೆಗಿದ್ದರೆ ಇನ್ನೂ ಹೆಚ್ಚು. ‘ಗ್ಯಾಸ್ ಮಾತ್ರೆ ಜೊತೆಗಿದೆ, ಏನೂ ಆಗಲ್ಲ’ ಎಂಬ ಸಮಾಧಾನ ಹೊಟ್ಟೆಯ ಹುಣ್ಣಿಗೆ ಸ್ವಲ್ಪ ಸಲ್ಲುತ್ತದೆ, ಮೂತ್ರಪಿಂಡಕ್ಕೆ ಸಲ್ಲುವುದಿಲ್ಲ.

ಈಗ ಎರಡು ಕೊಂಡಿಗಳನ್ನೂ ಜೋಡಿಸಿ. ಫ್ಲೋರೈಡ್‌ನಿಂದ ನೋವು, ನೋವಿಗೆ ಮಾತ್ರೆ, ಮಾತ್ರೆಯಿಂದ ಮೂತ್ರಪಿಂಡ ಸೋಲು, ಸೋತ ಮೂತ್ರಪಿಂಡದಿಂದ ಮೂಳೆಯಲ್ಲಿ ಇನ್ನಷ್ಟು ಫ್ಲೋರೈಡ್, ಇನ್ನಷ್ಟು ನೋವು, ಇನ್ನಷ್ಟು ‘ಪವರ್’. ಮೈಕಿನ ಮುಂದೆ ಸ್ಪೀಕರ್ ಇಟ್ಟಾಗ ಬರುವ ಕಿರುಚಾಟವನ್ನು ನೀವು ಕೇಳಿದ್ದೀರಲ್ಲ, ಅದೇ ಧನಾತ್ಮಕ ಮರುಪೂರಣ. ಎಲ್ಲರಲ್ಲೂ ಹೀಗೆಯೇ ಆಗುತ್ತದೆಂದು ನಾನು ಸಾಧಿಸುತ್ತಿಲ್ಲ. ಎಷ್ಟೋ ಜನ ಅಪರೂಪಕ್ಕೆ ಒಂದು ಮಾತ್ರೆ ನುಂಗಿ ಆರೋಗ್ಯವಾಗಿದ್ದಾರೆ. ಪ್ರತಿ ಕೊಂಡಿಯೂ ಬಿಡಿಯಾಗಿ ಸಿದ್ಧವಾದದ್ದು, ಸರಪಳಿ ತರ್ಕದಿಂದ ಬಂದದ್ದು. ಅದು ದಿನವೂ, ವರ್ಷಗಟ್ಟಲೆ ಮಾತ್ರೆ ನುಂಗುವವರ ಮಾತು. ಅವರು ಎಷ್ಟು ಜನ, ಏನನ್ನು ನುಂಗುತ್ತಿದ್ದಾರೆ ಎಂದು ಎಣಿಸಬೇಕಾದರೂ ಪೊಟ್ಟಣಕ್ಕೆ ಹೆಸರು ಬೇಕು.

ಕಾನೂನಿನ ಮಾತು

ಕಾನೂನು ಏನನ್ನುತ್ತದೆ? 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ, 1945ರ ನಿಯಮಗಳ ಪ್ರಕಾರ ಷೆಡ್ಯೂಲ್ ಎಚ್ ಪಟ್ಟಿಯ ಔಷಧಿಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಡೈಕ್ಲೊಫೆನಾಕ್ ಈ ಪಟ್ಟಿಯಲ್ಲಿದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಿಗಳಿಗಂತೂ ಕೊಂಡವರ, ಬರೆದವರ ವಿವರವನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು. 1948ರ ಫಾರ್ಮಸಿ ಕಾಯ್ದೆಯಂತೆ ಔಷಧಿ ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಇನ್ನುಳಿದ ಔಷಧಿಗಳನ್ನು ಚೀಟಿಯಿಲ್ಲದೆ ಕೊಡಬಹುದಾದರೂ, ‘ಇವು ಜನ ತಾವೇ ಕೊಳ್ಳಬಹುದಾದ ಔಷಧಿಗಳು’ ಎಂಬ ಪ್ರತ್ಯೇಕ ವರ್ಗವೊಂದನ್ನು ಕಾಯ್ದೆ ಮಾಡಿಲ್ಲ. 2022ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪ್ಯಾರಸಿಟಮಾಲ್ 500 ಸೇರಿದಂತೆ 16 ಔಷಧಿಗಳನ್ನು ಐದು ದಿನ ಮೀರದ ಬಳಕೆಗೆ ಹಾಗೆ ಮಾರಬಹುದೆಂಬ ಕರಡು ಹೊರಡಿಸಿತು. ಆ ಕರಡಿನಲ್ಲಿ ನನಗೆ ಹಿಡಿಸಿದ್ದು ಔಷಧಿಗಳ ಪಟ್ಟಿಯಲ್ಲ, ಐದು ದಿನವೆಂಬ ಮಿತಿ. ಐದು ದಿನದಲ್ಲಿ ಹೋಗದ ನೋವು ಮಾತ್ರೆಯ ವಿಷಯವಲ್ಲ, ಪರೀಕ್ಷೆಯ ವಿಷಯ.

ಹಳೆಯ ನಿಯಮಗಳಲ್ಲೇ ಒಂದು ಜಾಣ ಮೂಲೆಯಿದೆ. ಷೆಡ್ಯೂಲ್ ಕೆ ಪ್ರಕಾರ, ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಹಳ್ಳಿಗಳಲ್ಲಿ ಆಸ್ಪಿರಿನ್, ಪ್ಯಾರಸಿಟಮಾಲ್, ನೋವಿನ ಮುಲಾಮುಗಳಂತಹ ಮನೆಮದ್ದುಗಳನ್ನು ಔಷಧಿ ಪರವಾನಗಿ ಇಲ್ಲದ ಅಂಗಡಿಯವರೂ ಮಾರಬಹುದು. ಆದರೆ ಒಂದು ಷರತ್ತು: ತಯಾರಕರ ಮೂಲ ಪ್ಯಾಕೆಟ್ಟನ್ನು ಒಡೆಯದೆ ಮಾರಬೇಕು. ನಿಯಮ ಬರೆದವರಿಗೆ ಹಳ್ಳಿಯವರು ತಾವೇ ಮಾತ್ರೆ ಕೊಳ್ಳುತ್ತಾರೆಂಬುದು ಗೊತ್ತಿತ್ತು. ಅವರು ಅದಕ್ಕೆ ಅಡ್ಡ ಬರಲಿಲ್ಲ. ಹೆಸರು ಕಳೆಯದಿರಲಿ ಎಂದಷ್ಟೇ ಕೇಳಿದರು. ನಮ್ಮ ಗೋಡೆಬರಹಕ್ಕಿಂತ ಇದು ಎಷ್ಟೋ ವಿವೇಕದ್ದು.

ಹೆಸರಿಲ್ಲದ ಮಾತ್ರೆಗೆ ಸುದ್ದಿಯೂ ಮುಟ್ಟುವುದಿಲ್ಲ. ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಮ್ಮಲ್ಲಿ 2011ರಲ್ಲಿ ನಿಷೇಧಿಸಿದರು. ತರ್ಕವಿಲ್ಲದ ಸಂಯೋಜಿತ ಔಷಧಿಗಳೆಂದು 2016ರಲ್ಲಿ 344, 2024ರಲ್ಲಿ ಮತ್ತೆ 156ನ್ನು ನಿಷೇಧಿಸಿದರು. ಪತ್ರಿಕೆಯಲ್ಲಿ ಈ ಪಟ್ಟಿ ಓದಿದ ಪಾವಗಡದ ಓದುಗ ತಾನು ನಿನ್ನೆಯವರೆಗೆ ಅದನ್ನೇ ನುಂಗುತ್ತಿದ್ದನೋ ಇಲ್ಲವೋ ಎಂದು ಹೇಗೆ ತಿಳಿದುಕೊಳ್ಳಬೇಕು? 2023ರ ಆಗಸ್ಟ್‌ನಿಂದ ಪ್ರಮುಖ 300 ಬ್ರಾಂಡುಗಳ ಪ್ಯಾಕ್ ಮೇಲೆ ಕ್ಯೂ.ಆರ್. ಸಂಕೇತ ಕಡ್ಡಾಯವಾಗಿದೆ. ಒಳ್ಳೆಯದೇ. ಕತ್ತರಿಸಿದ ಸ್ಟ್ರಿಪ್ಪಿನ ಎರಡು ಮಾತ್ರೆಗಳ ಹಿಂದೆ ಅದರ ಒಂದು ಮೂಲೆ ಇದ್ದರೂ ಇರಬಹುದು.

ಬ್ರಿಟನ್ನಿನವರು 1998ರಲ್ಲಿ ಮಾಡಿದ್ದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಪ್ಯಾರಸಿಟಮಾಲನ್ನು ಚೀಟಿಯಿಲ್ಲದೆ ಕೊಳ್ಳುವುದನ್ನು ನಿಷೇಧಿಸಲಿಲ್ಲ. ಒಂದು ಪ್ಯಾಕಿನಲ್ಲಿ ದಿನಸಿ ಅಂಗಡಿಯಾದರೆ 16, ಔಷಧಿ ಅಂಗಡಿಯಾದರೆ 32 ಮಾತ್ರೆ ಮೀರಬಾರದೆಂದರು. ಆ ಮಾತ್ರೆಯಿಂದಾಗುವ ಸಾವುಗಳು ನಂತರದ ವರ್ಷಗಳಲ್ಲಿ ಗಣನೀಯವಾಗಿ ಇಳಿದವೆಂದು ಅಧ್ಯಯನಗಳು ತೋರಿಸಿದವು. ಕೊಳ್ಳುವವನಿಗೆ ‘ಬೇಡ’ ಎನ್ನುವ ಬದಲು ಕೊಳ್ಳುವ ವಸ್ತುವಿನ ರೂಪವನ್ನು ಬದಲಿಸಿದರು. ನಮ್ಮಲ್ಲಿ ಹತ್ತು ಮಾತ್ರೆಯ ಸ್ಟ್ರಿಪ್ಪಿಗೆ ದುಡ್ಡಿಲ್ಲದವರು ಎರಡನ್ನೇ ಕೊಳ್ಳುತ್ತಾರೆ, ಆದ್ದರಿಂದ ಕತ್ತರಿ ಬೇಕೇಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಒಪ್ಪೋಣ. ಕತ್ತರಿಸಿದ ಮೇಲೆ ಒಂದು ಚೀಟಿಯಲ್ಲಿ ಹೆಸರು, ಮಿಲಿಗ್ರಾಂ, ಬ್ಯಾಚ್, ದಿನಾಂಕ ಬರೆದು ಪೊಟ್ಟಣಕ್ಕೆ ಸೇರಿಸಲು ಎಷ್ಟು ಖರ್ಚು? ಕನ್ನಡದಲ್ಲಿ ಬರೆದರೆ ಚಿಕ್ಕಮ್ಮನ ಮೊಮ್ಮಗಳು ಓದಿ ಹೇಳುತ್ತಾಳೆ. ತಯಾರಕರ ಸ್ಟ್ರಿಪ್ಪಿನಲ್ಲಿ ಸಾಮಾನ್ಯವಾಗಿ ಕನ್ನಡದ ಒಂದಕ್ಷರವೂ ಇರುವುದಿಲ್ಲ ಎಂಬುದು ಇನ್ನೊಂದು ದೂರು. ಅದನ್ನು ಬೆಳೆಸಿದರೆ ಈ ಲೇಖನ ಮುಗಿಯದು.

ನೀರಿನ ಬಗ್ಗೆ ಕೆಲಸ ನಡೆದಿಲ್ಲವೆಂದಲ್ಲ. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದಿವೆ. ಪಾವಗಡಕ್ಕೆ ತುಂಗಭದ್ರಾ ಹಿನ್ನೀರು ತರುವ ಕುಡಿಯುವ ನೀರಿನ ಯೋಜನೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಆದರೆ ಮೂಳೆಯ ಅರ್ಧಾಯುವನ್ನು ಮರೆಯಬೇಡಿ. ಇಂದು ಒಳ್ಳೆಯ ನೀರು ಬಂದರೂ ಮೂವತ್ತು ವರ್ಷ ಸೇರಿದ್ದು ನಾಳೆ ಕರಗುವುದಿಲ್ಲ. ನೋವಿನ ಪೊಟ್ಟಣಕ್ಕೆ ಗಿರಾಕಿಗಳು ಇನ್ನೂ ಬಹುಕಾಲ ಇರುತ್ತಾರೆ. ಕುಡಿಯಲು ಘಟಕದ ನೀರು, ಅನ್ನ-ಸಾರಿಗೆ ಕೊಳವೆಬಾವಿಯ ನೀರು ಬಳಸುವ ಮನೆಗಳನ್ನೂ ನಾನು ನೋಡಿದ್ದೇನೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಅಧ್ಯಾಪಕರಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಒಂಬತ್ತನೆಯ ತರಗತಿಯಿಂದ ಮೇಲಿನ ಯಾವ ಮಕ್ಕಳಾದರೂ ಮಾಡಬಹುದು. ಮನೆಯಲ್ಲಿ ದೊಡ್ಡವರು ತಂದ ಮಾತ್ರೆಗಳನ್ನು, ಮುಟ್ಟದೆ, ನೋಡಿ ಬರೆದುಕೊಂಡು ಬರಲಿ: ಹೆಸರು ಗೊತ್ತಿರುವವು ಎಷ್ಟು, ಗೊತ್ತಿಲ್ಲದವು ಎಷ್ಟು, ಎಷ್ಟು ದಿನದಿಂದ. ಹೆಸರಿರುವವುಗಳಲ್ಲಿ ಕೆಂಪು ಗೆರೆ ಇದ್ದವು ಎಷ್ಟು. ಜೊತೆಗೆ ಮನೆಯ ನೀರನ್ನು ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ತರಲಿ. ಫ್ಲೋರೈಡ್ ಪರೀಕ್ಷೆಯ ಕಿಟ್‌ನ ಜಿರ್ಕೋನಿಯಂ–ಅಲಿಜರಿನ್ ದ್ರಾವಣವನ್ನು ಹಾಕಿದಾಗ ಕೆಂಪು ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಕಿಟ್‌ನ ಬಣ್ಣದ ಪಟ್ಟಿಯೊಡನೆ ಹೋಲಿಸಿ ಅಂಕೆ ಬರೆಯಲಿ. ಎರಡು ಕಾಲಮುಗಳನ್ನು ಪಕ್ಕಪಕ್ಕದಲ್ಲಿಡಿ, ನೀರಿನದು ಒಂದು, ನೋವಿನ ಮಾತ್ರೆಯದು ಒಂದು. ಮನೆಯವರ ಹೆಸರು ಬರೆಯಿಸಬೇಡಿ. ಕೊಳವೆಬಾವಿಯ ಆಳ, ನೀರು ಹಿಡಿದ ತಿಂಗಳು ತಪ್ಪದೆ ಬರೆಯಿಸಿ. ಮಳೆಗಾಲಕ್ಕೂ ಬೇಸಿಗೆಗೂ ಅಂಕೆ ಬದಲಾಗುತ್ತದೆ. ಚಿಕ್ಕಮ್ಮನ ಮನೆಯ ಬಾಟಲಿಯನ್ನು ನಾನು ಈ ಮೇ ತಿಂಗಳಲ್ಲಿ ಹಿಡಿಯಬೇಕೆಂದಿದ್ದೇನೆ.